ಅವಳು ತಡವರಿಸಿರಲಿಲ್ಲ

ಮೆಲಿಟಾ ಅಂದು ಒಮ್ಮೆಯೂ ತಡವರಿಸಲಿಲ್ಲ. ತಡವರಿಸಿದಳು ಎಂದು ಅವಳ ತಾಯಿಗೆ ಹೇಳಿದವಳು ನಾನು. ಅದು ಸುಳ್ಳು. ಬಾಯಿತಪ್ಪಿ ಬಂದ ಮಾತಲ್ಲ, ತಿಳಿದೂ ತಿಳಿದೂ ಹೇಳಿದ ಸುಳ್ಳು. ಅದೂ ಯಾರಿಗೆ — ಹಬ್ಬದ ತಿಂಡಿ ಹಿಡಿದು ನನ್ನ ಮನೆಯವರೆಗೆ ಬಂದು, ನನ್ನನ್ನೇ ನಂಬಿ ಕೇಳಿದ ಹೆಂಗಸಿಗೆ.

ಇದನ್ನು ಬರೆಯಲು ನನಗೆ ನಾಲ್ಕು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಯಾರಿಗೆ ಮೊದಲು ಹೇಳಬೇಕಿತ್ತೋ ಅವರಿಗೆ ಹೇಳಿ ಆಗಿದೆ, ಅದನ್ನೂ ಬರೆಯುತ್ತೇನೆ. ಆದರೆ ಮೊದಲಿನಿಂದ ಹೇಳದಿದ್ದರೆ ನಾನು ಮಾಡಿದ್ದು ಏನೆಂದು ಪೂರ್ತಿ ತಿಳಿಯುವುದಿಲ್ಲ — ನಿಮಗಷ್ಟೇ ಅಲ್ಲ, ನನಗೂ.

ನಾನು ಮೈಸೂರಿನವಳು. ಹೆಸರು ಶೈಲಜಾ. ಮದುವೆಯಾಗಿ ಕುವೈತಿಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ, ಫಿಂಟಾಸಿನಲ್ಲಿ ಮನೆ. ಮದುವೆಗೆ ಮುಂಚೆ ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯವೊಂದರಲ್ಲಿ ಓದಿದ್ದೆ. ಅಂಥ ಕಡೆ ಒಂದು ಪದ್ಧತಿಯಿದೆ. ಹೊರದೇಶದ ಮಕ್ಕಳು ಅರ್ಜಿ ಹಾಕಿದಾಗ, ಆ ಊರಿನಲ್ಲಿರುವ ತಮ್ಮ ಹಳೆಯ ವಿದ್ಯಾರ್ಥಿಗಳಿಗೆ ಬರೆದು, ಈ ಮಗುವನ್ನು ಒಮ್ಮೆ ಭೇಟಿಯಾಗಿ ಮಾತಾಡಿಸಿ, ಹೇಗನ್ನಿಸಿತು ತಿಳಿಸಿ ಎನ್ನುತ್ತಾರೆ. ಸಂಬಳವಿಲ್ಲದ ಕೆಲಸ. ಕುವೈತಿನಲ್ಲಿ ಆ ಕೆಲಸ ಮಾಡುತ್ತಿದ್ದ ಕೆಲವರಲ್ಲಿ ನಾನೂ ಒಬ್ಬಳು.

ಸಂಬಳವಿರಲಿಲ್ಲ, ಆದರೆ ಮರ್ಯಾದೆ ಇತ್ತು. ನಮ್ಮ ಕನ್ನಡದವರ ಕೂಟಗಳಲ್ಲಿ, ಮಕ್ಕಳು ಹನ್ನೊಂದನೇ ತರಗತಿಗೆ ಬಂದ ಕೂಡಲೇ ತಾಯಂದಿರು ನನ್ನ ಪಕ್ಕದ ಕುರ್ಚಿ ಹುಡುಕುತ್ತಿದ್ದರು. ಪ್ರಬಂಧದಲ್ಲಿ ಏನು ಬರೆಯಬೇಕು, ಸಂದರ್ಶನಕ್ಕೆ ಯಾವ ಬಟ್ಟೆ ಹಾಕಬೇಕು, ನಗಬಹುದೇ, ನಗಬಾರದೇ — ಎಲ್ಲವನ್ನೂ ನನ್ನನ್ನೇ ಕೇಳುತ್ತಿದ್ದರು. ನನಗೆ ಅದು ಇಷ್ಟವಾಗುತ್ತಿತ್ತು. ಎಷ್ಟು ಇಷ್ಟವಾಗುತ್ತಿತ್ತೆಂದು ಆಗ ಒಪ್ಪಿಕೊಳ್ಳುತ್ತಿರಲಿಲ್ಲ.

ಆ ವರ್ಷ ನನ್ನ ಮಗ ಸುಹಾಸ್ ಹನ್ನೆರಡನೇ ತರಗತಿಯಲ್ಲಿದ್ದ. ಅವನೂ ಅಮೆರಿಕದ ಕಡೆ ಮುಖ ಮಾಡಿದ್ದ — ನಾನು ಓದಿದ ಕಡೆಗಲ್ಲ, ಅಷ್ಟೇ ಹೆಸರಿರುವ ಇನ್ನೊಂದು ಕಡೆಗೆ. ಇಲ್ಲಿ ಒಂದು ನಿಯಮವನ್ನು ಹೇಳಬೇಕು. ಮನೆಯಲ್ಲಿ ಆ ವರ್ಷ ಅರ್ಜಿ ಹಾಕುವ ಮಗುವಿದ್ದರೆ, ಅದು ಎಲ್ಲಿಗೇ ಹಾಕಲಿ, ನಾವು ಆ ವರ್ಷ ಸಂದರ್ಶನ ಮಾಡಬಾರದು. ಕಾರಣ ವಿವರಿಸಬೇಕಿಲ್ಲ. ಹೆತ್ತವರ ಕಣ್ಣು ಆ ವರ್ಷ ನೆಟ್ಟಗಿರುವುದಿಲ್ಲ. ವಿಶ್ವವಿದ್ಯಾಲಯದವರು ಅದನ್ನು ಪ್ರತಿವರ್ಷ ಕೇಳುತ್ತಾರೆ. ನಾನು ಇಲ್ಲ ಎಂದೆ. ಅವನು ಅರ್ಜಿ ಹಾಕುತ್ತಿರುವುದು ನಮ್ಮಲ್ಲಿಗಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ — ಒಂದು ವರ್ಷ ಆ ಕುರ್ಚಿ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಸುಹಾಸ್‌ನ ಆ ವರ್ಷ ಹೇಗಿತ್ತೆಂದು ಹೇಳಬೇಕು. ಅದನ್ನು ನೆಪವಾಗಿ ಹೇಳುತ್ತಿಲ್ಲ. ಅಮೆರಿಕದ ಕಾಲೇಜುಗಳು ನೋಡುವ ಪ್ರವೇಶ ಪರೀಕ್ಷೆಯನ್ನು ಅವನಿಂದ ನಾನು ಮೂರು ಸಲ ಬರೆಸಿದೆ. ಕುವೈತಿನಲ್ಲಿ ಪರೀಕ್ಷೆಗೆ ಸೀಟು ಸಿಗಲಿಲ್ಲವೆಂದು ಒಮ್ಮೆ ಬಹ್ರೇನಿಗೆ ಕರೆದುಕೊಂಡು ಹೋದೆ. ಕೊನೆಗೆ ಒಳ್ಳೆಯ ಅಂಕ ಬಂತು. ಆ ಹೊತ್ತಿಗೆ ಮಗನ ಉಗುರುಗಳು ಪೂರ್ತಿ ಸವೆದಿದ್ದವು. ಊಟಕ್ಕೆ ಕೂತರೆ ಹೊಟ್ಟೆನೋವು ಅನ್ನುತ್ತಿದ್ದ. ನಾನು ಕನ್ನಡದಲ್ಲಿ ಕೇಳಿದರೆ ಅವನು ಇಂಗ್ಲಿಷಿನಲ್ಲಿ ಒಂದೇ ಪದದ ಉತ್ತರ ಕೊಡುತ್ತಿದ್ದ. ಆ ಅಂಕವೊಂದೇ ನಮ್ಮ ಮನೆಯಲ್ಲಿ ಗಟ್ಟಿಯಾಗಿ ಉಳಿದದ್ದು, ಉಳಿದದ್ದೆಲ್ಲ ಸಡಿಲವಾಗಿದೆ — ಹಾಗನ್ನಿಸುತ್ತಿತ್ತು ನನಗೆ. ಆ ಅಂಕಕ್ಕೆ ಬೆಲೆಯಿಲ್ಲದೆ ಹೋದರೆ...

ಅಷ್ಟರಲ್ಲಿ ಮೆಲಿಟಾಳ ಹೆಸರು ನನಗೆ ಬಂತು.

ಸುಹಾಸ್‌ನ ಶಾಲೆಯವಳೇ, ಅವನ ಓರಗೆಯವಳೇ. ಮಂಗಳೂರಿನ ಕಡೆಯ ಕ್ರೈಸ್ತರು, ಮನೆಯಲ್ಲಿ ಕೊಂಕಣಿ. ತಂದೆ ವಾಲ್ಟರ್ ಶುವೈಖಿನ ಒಂದು ಕಾರ್ ಷೋರೂಮಿನ ಆಫೀಸಿನಲ್ಲಿದ್ದರು, ತಾಯಿ ಜೆಸಿಂತಾ ಆಸ್ಪತ್ರೆಯಲ್ಲಿ ನರ್ಸ್. ಅಬ್ಬಾಸಿಯಾದಲ್ಲಿ ಮನೆ. ಕೂಟಗಳಲ್ಲಿ ನೋಡಿದ್ದೆ, ಮಾತಾಡಿದ್ದು ಕಡಿಮೆ. ಅವರ ಮಗಳು ನಾನು ಓದಿದ ವಿಶ್ವವಿದ್ಯಾಲಯಕ್ಕೇ ಅರ್ಲಿ ಅರ್ಜಿ ಹಾಕಿದ್ದಳು. ಅರ್ಲಿ ಅಂದರೆ, ಎಲ್ಲರಿಗಿಂತ ಮುಂಚೆ, ತನಗೆ ಎಲ್ಲಕ್ಕಿಂತ ಇಷ್ಟವಾದ ಒಂದೇ ಜಾಗಕ್ಕೆ ಹಾಕುವ ಅರ್ಜಿ. ಉತ್ತರ ಡಿಸೆಂಬರಿನಲ್ಲಿ ಬರುತ್ತದೆ. ಸಿಗದಿದ್ದರೆ ವರ್ಷ ಮುಗಿಯುವುದರೊಳಗೆ ಬೇರೆ ಕಡೆ ಹಾಕಿಕೊಳ್ಳಬೇಕು.

ಪರಿಚಯದ ಮನೆಯ ಹುಡುಗಿ, ಮಗನ ಸಹಪಾಠಿ. ಆಗಲೂ ನಾನು ಬೇರೆಯವರಿಗೆ ವಹಿಸಿ ಎನ್ನಬಹುದಿತ್ತು. ಅನ್ನಲಿಲ್ಲ.

ಫಿಂಟಾಸಿನ ಸಮುದ್ರದ ಕಡೆಯ ಒಂದು ಕಾಫಿ ಅಂಗಡಿಗೆ ಬರಲು ಹೇಳಿದೆ. ಅಪ್ಪ ಕರೆತಂದರು. ತಂದೆತಾಯಿ ಒಳಗೆ ಬರುವಂತಿಲ್ಲ ಎಂದು ಮೊದಲೇ ತಿಳಿಸಿದ್ದರಿಂದ, ವಾಲ್ಟರ್ ಬಾಗಿಲಲ್ಲೇ ನನಗೊಂದು ನಮಸ್ಕಾರ ಹೇಳಿ, ಕೈ ಹಿಂದೆ ಕಟ್ಟಿಕೊಂಡು ದಂಡೆಯ ಕಡೆ ನಡೆದುಹೋದರು. ಮೆಲಿಟಾ ಬಿಳಿ ಷರ್ಟು ಹಾಕಿದ್ದಳು, ಇಸ್ತ್ರಿಯ ಗೆರೆ ಇನ್ನೂ ಹಾಗೇ ಇತ್ತು. ಕೂತ ಮೊದಲ ನಿಮಿಷ ಕೈ ನಡುಗುತ್ತಿತ್ತು. ಅದನ್ನು ಅವಳೇ ನೋಡಿಕೊಂಡು, ನೀರು ಚೆಲ್ಲಿದರೆ ಅದಕ್ಕೂ ಅಂಕ ಕಳೆಯುತ್ತೀರಾ ಆಂಟಿ ಎಂದು ಕೇಳಿ ನಕ್ಕಳು. ನಾನೂ ನಕ್ಕೆ. ಅಲ್ಲಿಂದ ಮುಂದೆ ಅವಳಿಗೆ ಭಯವಿರಲಿಲ್ಲ.

ಯಾಕೆ ಕೆಮಿಸ್ಟ್ರಿ ಎಂದು ಕೇಳಿದ್ದಕ್ಕೆ ಅವಳು ಉಪ್ಪಿನ ಕಥೆ ಹೇಳಿದಳು. ಚಿಕ್ಕವಳಿದ್ದಾಗ ಅಪ್ಪ ಶುಕ್ರವಾರಗಳಲ್ಲಿ ಗಾಳ ಹಾಕಲು ಕರೆದೊಯ್ಯುತ್ತಿದ್ದರಂತೆ. ಸಮುದ್ರದ ನೀರನ್ನೇ ಸಿಹಿ ಮಾಡಿ ನಮ್ಮ ನಲ್ಲಿಗೆ ಬಿಡುತ್ತಾರೆ ಎಂದು ಅಪ್ಪ ಹೇಳಿದಾಗ ಇವಳು ಕೇಳಿದ್ದಳು — ಹಾಗಾದರೆ ಉಪ್ಪು ಎಲ್ಲಿಗೆ ಹೋಗುತ್ತದೆ? ಅಪ್ಪನಿಗೆ ಗೊತ್ತಿರಲಿಲ್ಲ. ಟೀಚರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅದು ಮತ್ತೆ ಸಮುದ್ರಕ್ಕೇ ಹೋಗುತ್ತದೆ, ಇನ್ನಷ್ಟು ಗಾಢವಾಗಿ, ಎಂದು ಅವಳು ಹುಡುಕಿ ತಿಳಿದುಕೊಂಡಳು. ಆಮೇಲೆ, ಅಲ್ಲಿನ ಮೀನು ಏನು ಮಾಡುತ್ತದೆ ಎಂಬ ಪ್ರಶ್ನೆ. ಆಮೇಲೆ, ಆ ಉಪ್ಪನ್ನು ಬೇರೆ ಯಾವುದಕ್ಕಾದರೂ ಬಳಸಲು ಬಂದೀತೇ ಎಂಬ ಪ್ರಶ್ನೆ. ಇಂಗ್ಲಿಷಿನಲ್ಲಿ ಶುರುಮಾಡಿದವಳು ಉತ್ಸಾಹದಲ್ಲಿ ಮಂಗಳೂರಿನ ಕನ್ನಡಕ್ಕೆ ಜಾರುತ್ತಿದ್ದಳು, ಮತ್ತೆ ಸಾರಿ ಎಂದು ಇಂಗ್ಲಿಷಿಗೆ ಮರಳುತ್ತಿದ್ದಳು. ಅಷ್ಟು ವರ್ಷ ಆ ನೀರನ್ನೇ ಕುಡಿದ ನನಗೆ ಒಮ್ಮೆಯೂ ಹೊಳೆಯದ ಪ್ರಶ್ನೆಯನ್ನು ಈ ಹುಡುಗಿ ಬೆನ್ನಟ್ಟಿ ಹೋಗಿದ್ದಳು. ನನ್ನ ಕಾಫಿ ಆರಿಹೋದದ್ದು ನನಗೆ ಗೊತ್ತಾಗಲಿಲ್ಲ. ನಾನು ಮಾತಾಡಿಸಿದ ಎಲ್ಲ ಮಕ್ಕಳಲ್ಲಿ ಅಷ್ಟು ಚೆನ್ನಾಗಿ ಮಾತಾಡಿದವರು ಇನ್ನೊಬ್ಬರಿಲ್ಲ. ಅದನ್ನು ಆಗಲೇ ಬಲ್ಲೆ — ಆ ಮೇಜಿನ ಮುಂದೆ ಕೂತಾಗಲೇ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಒಳ್ಳೆಯದಾಗಲಿ ಎಂದು ಎದ್ದು ಬರಬೇಕಿತ್ತು.

ನಾನು ಕೇಳಿದೆ: "ಸ್ಕೋರ್ ಎಷ್ಟು ಬಂತು, ಮೆಲಿಟಾ?"

ಸಂದರ್ಶನ ಮಾಡುವವರು ಅಂಕ ಕೇಳಬಾರದು. ಅದು ನಮಗೆ ಕೊಟ್ಟ ಮೊದಲ ಸೂಚನೆಗಳಲ್ಲೊಂದು. ಅಂಕ ನೋಡುವುದು ಕಚೇರಿಯ ಕೆಲಸ, ಮಗುವನ್ನು ನೋಡುವುದು ನಮ್ಮ ಕೆಲಸ. ಅದರ ಮೇಲೆ, ಆ ಪ್ರವೇಶ ಪರೀಕ್ಷೆಯ ಅಂಕ ಕಳಿಸುವುದು ಕಡ್ಡಾಯವೂ ಆಗಿರಲಿಲ್ಲ. ಬೇಕಿದ್ದವರು ಕಳಿಸಬಹುದು, ಬೇಡವಾದವರು ಬಿಡಬಹುದು. ಇದೆಲ್ಲ ಅವಳಿಗೂ ಗೊತ್ತಿತ್ತೇನೋ. ಆದರೂ ಹಿರಿಯರು ಕೇಳಿದ್ದಾರೆ, ಉತ್ತರ ಕೊಡಬೇಕು ಎಂದುಕೊಂಡಿರಬೇಕು. ಒಂದು ಕ್ಷಣ ಮೇಜನ್ನು ನೋಡಿ, ಅಂಕ ಹೇಳಿದಳು. ಒಂದೇ ಸಲ ಬರೆದೆ, ಕಡಿಮೆಯೇ ಬಂತು, ಕಳಿಸುವುದು ಬೇಡ ಅಂತ ಶಾಲೆಯ ಕೌನ್ಸೆಲರ್ ಹೇಳಿದ್ದಾರೆ ಎಂದಳು. ಅದರಲ್ಲಿ ದೂರಿರಲಿಲ್ಲ, ನೆಪವಿರಲಿಲ್ಲ.

ಆಗ ನನಗೆ ಏನಾಯಿತೆಂದು ಹೇಳುವುದು ಬಹಳ ಕಷ್ಟ. ಹೇಳುತ್ತೇನೆ. ನನಗೆ ಸಮಾಧಾನವಾಯಿತು. ಅವಳ ಅಂಕ ನನ್ನ ಮಗನ ಅಂಕಕ್ಕಿಂತ ಬಹಳ ಕೆಳಗಿತ್ತು. ಆ ಇಡೀ ಹೊತ್ತು, ಅವಳ ಮಾತು ಕೇಳುತ್ತಾ ಖುಷಿಪಡುತ್ತಿದ್ದಾಗಲೇ ಒಳಗೆಲ್ಲೋ ಒಂದು ಮುಳ್ಳು ಚುಚ್ಚುತ್ತಿತ್ತು. ನನ್ನ ಸುಹಾಸ್ ಹೀಗೆ ಮಾತಾಡಲಾರ, ಅವನ ಬಳಿ ಇಂಥ ಒಂದು ಪ್ರಶ್ನೆಯಿಲ್ಲ, ನಾನು ಅವನಿಗೆ ಪ್ರಶ್ನೆ ಹುಟ್ಟಲು ಬಿಡುವನ್ನೇ ಕೊಡಲಿಲ್ಲ — ಈ ಮುಳ್ಳು. ಅವಳು ಅಂಕ ಹೇಳಿದಾಗ ಅದು ಮಾಯವಾಯಿತು. ಹದಿನೇಳರ ಹುಡುಗಿಯ ಮೇಲೆ ಹೊಟ್ಟೆಕಿಚ್ಚು. ಬೇರೆ ಹೆಸರಿಲ್ಲ ಅದಕ್ಕೆ.

ಆ ವಾರವೇ ವರದಿ ಕಳಿಸಿದೆ. ಅದರಲ್ಲಿ ಸುಳ್ಳು ಬರೆಯಲಿಲ್ಲ ಎಂದು ಬಹಳ ದಿನ ಸಮಾಧಾನ ಹೇಳಿಕೊಂಡಿದ್ದೆ. ಆದರೆ ಹೊಗಳಬೇಕಾದ ಕಡೆಯೆಲ್ಲ ಕೈ ಬಿಗಿಹಿಡಿದೆ. ಅದ್ಭುತ ಎನ್ನಬೇಕಾದಲ್ಲಿ ಚೆನ್ನಾಗಿದೆ ಎಂದೆ. ಕೊನೆಗೆ, ಪರೀಕ್ಷೆಯ ಅಂಕ ಕಡಿಮೆಯಿರುವುದರಿಂದ ಕಳಿಸುತ್ತಿಲ್ಲ ಎಂದು ಅಭ್ಯರ್ಥಿಯೇ ತಿಳಿಸಿದಳು, ಇಲ್ಲಿನ ಓದಿನ ಭಾರವನ್ನು ತಡೆದುಕೊಳ್ಳಬಲ್ಲಳೇ ಎಂಬ ಅನುಮಾನ ನನಗಿದೆ ಎಂದು ಸೇರಿಸಿದೆ. ಅಂಥ ಅನುಮಾನ ನನಗಿರಲಿಲ್ಲ.

ಡಿಸೆಂಬರಿನಲ್ಲಿ ಉತ್ತರಗಳು ಬಂದವು. ಮೆಲಿಟಾಗೆ ಸಿಗಲಿಲ್ಲ. ಸುಹಾಸ್‌ನನ್ನು ಅವನು ಆಸೆಪಟ್ಟ ಕಡೆಯವರು ಈಗಲೇ ಏನೂ ಹೇಳಲಾರೆವು, ಕಾಯಿರಿ ಎಂದರು. ಅವನು ಕೋಣೆಯ ಬಾಗಿಲು ಹಾಕಿಕೊಂಡ. ಆ ಬಾಗಿಲ ಹೊರಗೆ ನಿಂತಾಗಲೂ ನನಗೆ ಮೆಲಿಟಾಳ ಮನೆಯ ಬಾಗಿಲು ನೆನಪಾಗಲಿಲ್ಲ.

ಕ್ರಿಸ್‌ಮಸ್ಸಿಗೆ ಎರಡು ಮೂರು ದಿನ ಇರುವಾಗ ಜೆಸಿಂತಾ ಬಂದರು. ಡ್ಯೂಟಿ ಮುಗಿಸಿ ನೇರ ಬಂದಿದ್ದರು. ಕೈಯಲ್ಲಿ ಕುಸ್ವಾರ್ — ಹಬ್ಬಕ್ಕೆಂದು ಅವರ ಮನೆಗಳಲ್ಲಿ ಮಾಡುವ ತಿಂಡಿಗಳು, ಕಿಡಿಯೊ, ನೆವ್ರಿ, ಅಕ್ಕಿಯ ಲಾಡು. ಸೋಫಾದ ಅಂಚಿನಲ್ಲಿ ಕೂತರು. ಮಗಳು ಅತ್ತಿದ್ದು, ಈಗ ಸುಧಾರಿಸಿಕೊಂಡಿದ್ದು ಹೇಳಿದರು. ಇನ್ನು ಮೂರು ಕಾಲೇಜುಗಳನ್ನು ನೋಡಿಟ್ಟಿದ್ದಾಳೆ, ಅದರಲ್ಲಿ ಎರಡು ಕಡೆ ಹೀಗೇ ಸಂದರ್ಶನ ಇರುತ್ತದಂತೆ, ಕೊನೆಯ ದಿನ ಹತ್ತಿರ ಬಂತು, ಹಾಕುವುದೋ ಬಿಡುವುದೋ ಎಂದು ಮನೆಯಲ್ಲಿ ಯೋಚನೆ ಎಂದರು. ಆಮೇಲೆ ಕೇಳಿದರು —

"ನೀವು ಅವಳ ಹತ್ರ ಕೂತು ಮಾತಾಡಿದ್ದೀರಿ ಮೇಡಂ. ಎಂತ ಕಮ್ಮಿ ಆಯ್ತು ಅವಳಲ್ಲಿ? ಇದ್ದದ್ದು ಇದ್ದ ಹಾಗೆ ಹೇಳಿ. ನಮಗೆ ಬೇಜಾರಿಲ್ಲ."

ಅಂಕ ಕಡಿಮೆ ಎನ್ನಲು ಹೊರಟೆ. ಆದರೆ ನನಗೆ ಅಂಕ ಹೇಗೆ ಗೊತ್ತಾಯಿತು ಎಂದರೆ? ನಾನು ಕೇಳಿದ್ದು ಹೊರಗೆ ಬಂದರೆ? ಏನೂ ಕಮ್ಮಿಯಿರಲಿಲ್ಲ ಎಂದರೆ, ಮತ್ತೆ ಯಾಕೆ ಸಿಗಲಿಲ್ಲ ಎಂದು ಕೇಳುತ್ತಾರೆ. ಎರಡೂ ದಾರಿ ನನ್ನ ಕಡೆಗೇ ಬರುತ್ತಿದ್ದವು.

"ಹುಡುಗಿ ಚುರುಕಿದ್ದಾಳೆ ಜೆಸಿಂತಾ," ಎಂದೆ. "ಆದರೆ ಮಾತಾಡುವಾಗ ತಡವರಿಸಿದಳು. ಸಂದರ್ಶನ ಅವಳಿಗೆ ಒಗ್ಗುವುದಿಲ್ಲವೇನೋ."

ಅವರು ನಿಧಾನವಾಗಿ ತಲೆಯಾಡಿಸಿದರು. ಹೇಳಿದ್ದು ಒಳ್ಳೆಯದಾಯ್ತು ಮೇಡಂ, ಸುಮ್ಮನೆ ಮಗುವನ್ನು ಮತ್ತೆ ಮತ್ತೆ ನೋಯಿಸುವುದು ಬೇಡ ಎಂದರು. ಥ್ಯಾಂಕ್ಸ್ ಎಂದರು. ಅದನ್ನು ನಾನು ಇಸಿದುಕೊಂಡೆ.

ಅವರು ಹೋದ ಮೇಲೆ ಸುಹಾಸ್ ಅಡುಗೆಮನೆಯಿಂದ ಬಂದ. ಎಲ್ಲ ಕೇಳಿಸಿಕೊಂಡಿದ್ದ. ಮೆಲಿಟಾ ತಡವರಿಸಿದಳಾ, ನಿಜವಾಗಲೂ, ನಮ್ಮ ಶಾಲೆಯ ಡಿಬೇಟ್‌ನಲ್ಲಿ ಅವಳೆದುರು ನಿಲ್ಲಲು ಎಲ್ಲರೂ ಹೆದರುತ್ತಾರೆ ಎಂದ — ಇಂಗ್ಲಿಷಿನಲ್ಲಿ, ಎಂದಿನಂತೆ. ಡಿಬೇಟ್ ಬೇರೆ, ಸಂದರ್ಶನ ಬೇರೆ ಎಂದೆ. ಅವನು ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿ ಹೋದ.

ಮೆಲಿಟಾ ಆ ಮೂರು ಕಡೆಗೆ ಅರ್ಜಿ ಹಾಕಲಿಲ್ಲ. ಮಂಗಳೂರಿನ ಒಂದು ಕಾಲೇಜಿಗೆ ಬಿ.ಎಸ್ಸಿ.ಗೆ ಸೇರಿದಳು. ಒಳ್ಳೆಯ ಕಾಲೇಜೇ. ಅಲ್ಲಿ ಓದಿದ್ದು ಕಡಿಮೆಯೆಂದು ನಾನು ಹೇಳುತ್ತಿಲ್ಲ. ಅವಳು ಚಿನ್ನದಂತೆ ಓದಿದಳು. ಸುಹಾಸ್‌ನ ಅರ್ಲಿಯೂ ಕೊನೆಗೆ ಕೈಗೂಡಲಿಲ್ಲ. ಕೆನಡಾದ ಒಂದು ಕಡೆ ಸೇರಿ, ಮೊದಲ ವರ್ಷವೇ ನಾನು ಆರಿಸಿಕೊಟ್ಟ ವಿಷಯ ಬಿಟ್ಟು ಭೂಗೋಳ ಹಿಡಿದ. ನನಗೆ ಹೇಳಿದ್ದು ಆರು ತಿಂಗಳ ನಂತರ. ಹೊಟ್ಟೆನೋವು ಹೋಯಿತು ಅಮ್ಮ ಎಂದ.

ನಾನು ಆಮೇಲೂ ಒಂದು ವರ್ಷ ಸಂದರ್ಶನ ಮಾಡಿದೆ. ಪ್ರತಿ ಮಗುವೂ ಎದುರಿನ ಕುರ್ಚಿಯಲ್ಲಿ ಕೂತಾಗ ಬಿಳಿ ಷರ್ಟು ನೆನಪಾಗುತ್ತಿತ್ತು. ಕೆಲಸ ಹೆಚ್ಚು ಎಂದು ಹೇಳಿ ಬಿಟ್ಟೆ. ಅದೂ ಒಂದು ಸುಳ್ಳು. ಹಾಗೆ ನೋಡಿದರೆ, ಆ ವರ್ಷಗಳಲ್ಲಿ ನನಗೊಂದು ಆಸರೆಯೂ ಇತ್ತು. ಇಂಥ ವರದಿಗಳಿಗೆ ಅಷ್ಟೇನೂ ತೂಕವಿರುವುದಿಲ್ಲ, ಸಾವಿರಾರು ಮಕ್ಕಳಿಗೆ ಸಿಗುವುದಿಲ್ಲ, ಅವಳಿಗೂ ಸಿಗಲಿಲ್ಲ, ನಾನು ಬರೆಯದಿದ್ದರೂ... ಇದು ನಿಜವಿರಬಹುದು. ಈಗಲೂ ನನಗೆ ಗೊತ್ತಿಲ್ಲ. ಆದರೆ ಜೆಸಿಂತಾಗೆ ಹೇಳಿದ ಮಾತಿಗೆ ತೂಕವಿತ್ತು. ಎಷ್ಟೆಂದು ತಿಳಿದದ್ದು ಹೋದ ವರ್ಷ.

ಸುಹಾಸ್ ರಜೆಗೆ ಬಂದಿದ್ದ. ಹಳೆಯ ಸ್ನೇಹಿತರೆಲ್ಲ ಸೇರಿದ್ದರಂತೆ, ಮೆಲಿಟಾಳೂ ಬಂದಿದ್ದಳಂತೆ. ಆರು ತಿಂಗಳಿಗೊಮ್ಮೆ ಬಂದು ಹೋಗಿ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಉಳಿಸಿಕೊಂಡಿದ್ದವಳು, ಡಿಗ್ರಿ ಮುಗಿಸಿ ಈಗ ಅಪ್ಪ ಅಮ್ಮನ ಜೊತೆ ಅಬ್ಬಾಸಿಯಾದಲ್ಲೇ ಇದ್ದಳು. ಬೆಂಗಳೂರಿನ ಯಾವುದೋ ಸಂಸ್ಥೆಗೆ ಮನೆಯಿಂದಲೇ ಸಣ್ಣ ಕೆಲಸ. ಅವಳ ಪ್ರೊಫೆಸರ್ ಒಬ್ಬರು ಯುರೋಪಿನ ಒಂದು ಎಂ.ಎಸ್ಸಿ.ಗೆ ಅವಳ ಹೆಸರು ಸೂಚಿಸಿದ್ದರಂತೆ, ನೀರಿನ ವಿಷಯವೇ. ಇವಳು ಅರ್ಜಿ ಹಾಕಲು ಒಪ್ಪುತ್ತಿಲ್ಲ.

ಊಟದ ನಡುವೆ, ಅನ್ನ ಕಲಸುತ್ತಾ ಅವನು ಹೇಳಿದ, ಈ ಸಲ ಕನ್ನಡದಲ್ಲೇ: "ಅದಕ್ಕೆ ಇಂಟರ್‌ವ್ಯೂ ಇದೆಯಂತೆ ಅಮ್ಮ. ನಾನು ಮಾತಾಡೋಕೆ ಲಾಯಕ್ಕಿಲ್ಲ, ತಡವರಿಸ್ತೀನಿ ಅಂತಾಳೆ. ಕಾಲೇಜಲ್ಲಿ ಸೆಮಿನಾರ್ ಕೂಡ ತಾನು ಬರೆದುಕೊಟ್ಟು ಬೇರೆಯವರ ಕೈಲಿ ಹೇಳಿಸ್ತಿದ್ದಳಂತೆ."

ಅವನು ತಲೆಯೆತ್ತಿದ. ಅವನಿಗೆ ಆವತ್ತಿನ ಮಾತು ನೆನಪಿತ್ತು. ಆ ಊಟದ ಮೇಜಿನಲ್ಲೇ ಅವನಿಗೂ ನನ್ನ ಗಂಡನಿಗೂ ಎಲ್ಲ ಹೇಳಿದೆ. ಗಂಡ, ಆದದ್ದು ಆಯಿತು, ಈಗ ಹೋಗಿ ಹೇಳಿದರೆ ಅವರ ಗಾಯ ಕೆದಕಿದ ಹಾಗೆ, ಖಲಾಸ್, ಬಿಡು ಎಂದರು. ಸುಹಾಸ್, ನಾನು ಕಾರ್ ಓಡಿಸುತ್ತೇನೆ, ಯಾವಾಗ ಹೋಗೋಣ ಎಂದ.

ಶುಕ್ರವಾರ ಹೋದೆವು; ಇಲ್ಲಿ ವಾರದ ರಜೆ ಅಂದೇ, ಚರ್ಚಿನ ಪೂಜೆಯೂ ಅಂದೇ. ಅವರು ಚರ್ಚಿನಿಂದ ಆಗಷ್ಟೇ ಬಂದಿದ್ದರು. ಸುಹಾಸ್ ಕೆಳಗೇ ಉಳಿದ. ಇದು ನಿಮ್ಮ ಮಾತು ಅಮ್ಮ ಎಂದ. ಜೆಸಿಂತಾ ಸಡಗರದಿಂದ ಕಾಫಿಗೆ ಎದ್ದರು. ಬೇಡ, ಮೊದಲು ಕೂತುಕೊಳ್ಳಿ ಎಂದೆ. ವಾಲ್ಟರ್ ಕುರ್ಚಿ ಎಳೆದುಕೊಂಡರು. ಮೆಲಿಟಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅದೇ ಕಣ್ಣು, ಆದರೆ ಮಾತಾಡುವ ಮೊದಲು ಅಮ್ಮನ ಮುಖ ನೋಡುವ ಒಂದು ಹೊಸ ಅಭ್ಯಾಸ.

ಹೇಳಿದೆ. ನಿಯಮ ಮುರಿದು ಸಂದರ್ಶನ ಮಾಡಿದ್ದು, ಅಂಕ ಕೇಳಿದ್ದು, ಹೊಟ್ಟೆಕಿಚ್ಚುಪಟ್ಟಿದ್ದು, ವರದಿಯಲ್ಲಿ ಬರೆದದ್ದು, ಆಮೇಲೆ ನನ್ನ ಸೋಫಾದಲ್ಲಿ ಕೂತಿದ್ದ ತಾಯಿಗೆ ಹೇಳಿದ ಸುಳ್ಳು. ಮನೆಯಲ್ಲಿ ಎಷ್ಟೋ ಸಲ ಅಭ್ಯಾಸ ಮಾಡಿಕೊಂಡಿದ್ದ ವಾಕ್ಯಗಳೆಲ್ಲ ಮರೆತುಹೋದವು. ತಡವರಿಸಿದವಳು ನಾನು.

ಜೆಸಿಂತಾ ಮೊದಲು ನನ್ನನ್ನು ನೋಡಲಿಲ್ಲ, ಮಗಳನ್ನು ನೋಡಿದರು. "ನಾನಲ್ವಾ ಅವಳಿಗೆ ಹೇಳಿದ್ದು," ಎಂದರು. "ನಿಮ್ಮ ಮಾತನ್ನು ನಾನೇ ಅಲ್ವಾ ತಂದು ಹೇಳಿದ್ದು. ಮತ್ತೆ ಎಷ್ಟು ಸಲ ಹೇಳಿದೆನೋ."

ನಾನು ಮಾಡಿದ್ದರ ಆಳ ಆಗ ಕಾಣಿಸಿತು. ಸುಳ್ಳು ನನ್ನದು, ಆದರೆ ಅದನ್ನು ಆ ಹುಡುಗಿಯ ಎದೆಗೆ ಇಳಿಸಿದ್ದು ಅವಳು ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ನಂಬುವ ದನಿ. ಆ ದನಿಯನ್ನು ನಾನು ಬಳಸಿಕೊಂಡಿದ್ದೆ. ವಾಲ್ಟರ್ ಎದ್ದು ಬಾಲ್ಕನಿಗೆ ಹೋದರು. ನಾನಿರುವವರೆಗೂ ಅವರು ಒಳಗೆ ಬರಲಿಲ್ಲ. ಅವರ ಬೆನ್ನು ಗಾಜಿನಾಚೆ ಕಾಣುತ್ತಿತ್ತು.

ಮೆಲಿಟಾ ಬಂದು ನನ್ನ ಎದುರು ಕೂತಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಕೇಳಿದ್ದು ಒಂದೇ.

"ಹಾಗಾದ್ರೆ ಆಂಟಿ, ಆವತ್ತು ನಾನು ಚೆನ್ನಾಗಿ ಮಾತಾಡಿದ್ದೆನಾ?"

ನಾನು ಅವಳಿಗೆ ಆ ದಿನವನ್ನು ವಾಪಸು ಹೇಳಿದೆ. ಅವಳು ಏನೆಂದಳು, ಎಲ್ಲಿ ನಕ್ಕಳು, ಎಲ್ಲಿ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಬಂದಳು, ಮೀನಿನ ವಿಷಯ ಹೇಳುವಾಗ ಕೈಯಲ್ಲಿ ಹೇಗೆ ತೋರಿಸಿದಳು — ಎಲ್ಲ. ನನಗೆ ಎಲ್ಲವೂ ನೆನಪಿತ್ತು. ತಪ್ಪು ಮಾಡಿದವರಿಗೆ ನೆನಪು ಮಾತ್ರ ಚೆನ್ನಾಗಿರುತ್ತದೆ. ಅವಳು ತಲೆ ತಗ್ಗಿಸಿ ಕೇಳಿದಳು. ಒಂದು ಕಡೆ ತಿದ್ದಿದಳು: ಅಲ್ಲ ಆಂಟಿ, ನಾನು ಹಾಗೆ ಹೇಳಲಿಲ್ಲ, ಹೀಗೆ ಹೇಳಿದ್ದು. ಮತ್ತೆ ಅದನ್ನು ಪೂರ್ತಿ ವಿವರಿಸಿದಳು. ವಿವರಿಸುತ್ತಾ ದನಿ ಏರಿತು, ಕೈ ಆಡಿತು. ಜೆಸಿಂತಾ ಬಾಯಿಗೆ ಸೆರಗು ಹಿಡಿದುಕೊಂಡು ನೋಡುತ್ತಿದ್ದರು. ನಾನೂ ನೋಡಿದೆ. ಎಲ್ಲಿಯೂ ತಡೆಯಿರಲಿಲ್ಲ.

ಆಮೇಲೆ ಅವಳು ಎದ್ದು, ಈಗ ನೀವು ಹೋಗಿ ಆಂಟಿ, ಅಮ್ಮನ ಹತ್ತಿರ ನಾನು ಮಾತಾಡಬೇಕು ಎಂದಳು. ಗಟ್ಟಿಯಾಗಿಯೇ ಹೇಳಿದಳು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಆ ವಾರ ವಿಶ್ವವಿದ್ಯಾಲಯಕ್ಕೆ ನಡೆದದ್ದನ್ನೆಲ್ಲ ಬರೆದೆ. ಹಳೆಯ ತೀರ್ಮಾನವನ್ನು ಮತ್ತೆ ತೆರೆಯಲಾಗದು, ತಿಳಿಸಿದ್ದಕ್ಕೆ ಧನ್ಯವಾದ, ಇನ್ನು ಮುಂದೆ ನಿಮ್ಮ ಸೇವೆ ಬೇಡ ಎಂದು ಸಭ್ಯವಾದ ಉತ್ತರ ಬಂತು. ಸರಿಯಾದ ಉತ್ತರವೇ. ನಮ್ಮ ಕೂಟದಲ್ಲೂ ಯಾರಾದರೂ ತಾಯಂದಿರು ಪಕ್ಕದಲ್ಲಿ ಕೂತು ಕೇಳಿದರೆ, ನಾನು ಆ ಕೆಲಸದಿಂದ ಯಾಕೆ ಹೊರಬಿದ್ದೆ ಎಂಬುದನ್ನು ಮೊದಲು ಹೇಳುತ್ತೇನೆ. ಕೆಲವರು ಎದ್ದು ಹೋಗುತ್ತಾರೆ. ಕೆಲವರು ಕೂತು, ತಮ್ಮ ಮಗುವಿನ ಅಂಕದ ಬಗ್ಗೆ ಅಲ್ಲ, ಮಗುವಿನ ಬಗ್ಗೆ ಮಾತಾಡತೊಡಗುತ್ತಾರೆ.

ಮೆಲಿಟಾ ಯುರೋಪಿನ ಆ ಎಂ.ಎಸ್ಸಿ.ಗೆ ಅರ್ಜಿ ಹಾಕಿದಳು. ನನ್ನ ಸಹಾಯ ಕೇಳಲಿಲ್ಲ. ಸುಹಾಸ್ ಕೆನಡಾದಿಂದ ವಿಡಿಯೊದಲ್ಲಿ ಅವಳಿಂದ ಅಭ್ಯಾಸ ಮಾಡಿಸಿದ. ಮೊದಲ ಸಲ ಅವಳು ನಡುವೆಯೇ ನಿಲ್ಲಿಸಿ ಕಂಪ್ಯೂಟರ್ ಮುಚ್ಚಿಬಿಟ್ಟಳಂತೆ. ಮೂರನೆಯ ಸಲ ಅವನಿಗೇ ಮಾತಾಡಲು ಬಿಡಲಿಲ್ಲವಂತೆ. ಸಂದರ್ಶನ ಮುಗಿದ ಮೇಲೆ ಜೆಸಿಂತಾ ನನಗೆ ಫೋನ್ ಮಾಡಿದರು. ಅಷ್ಟು ತಿಂಗಳಲ್ಲಿ ಅದೇ ಮೊದಲ ಫೋನ್. ಅವರು ಹೇಳಿದ್ದು ಒಂದು ವಾಕ್ಯ: ಮಾತಾಡಿದಳು ಮೇಡಂ, ಹೊರಗೆ ನಿಂತು ಕೇಳಿದೆ. ಇಟ್ಟುಬಿಟ್ಟರು. ಫಲಿತಾಂಶ ಇನ್ನೂ ಬಂದಿಲ್ಲ. ಬರದಿದ್ದರೆ ಇನ್ನೆರಡು ಕಡೆ ಹಾಕುತ್ತೇನೆ ಎಂದು ಅವಳು ಸುಹಾಸ್‌ಗೆ ಹೇಳಿದ್ದಾಳೆ. ವಾಲ್ಟರ್ ಈಗಲೂ ನನ್ನನ್ನು ಕಂಡರೆ ತಲೆಯಾಡಿಸಿ ಮುಂದೆ ಹೋಗುತ್ತಾರೆ. ಅದು ಅವರ ಹಕ್ಕು.

ಇದನ್ನು ಬರೆದು ಮುಗಿಸಿ, ಅವಳು ಒಪ್ಪದೆ ಯಾರಿಗೂ ತೋರಿಸುವುದಿಲ್ಲವೆಂದು ಮೆಲಿಟಾಗೆ ಕಳಿಸಿದೆ. ಅವಳು ಓದಿದಳು. ಉಳಿದೆಲ್ಲ ಇರಲಿ, ಒಂದು ವಾಕ್ಯ ಮಾತ್ರ ತೆಗೆಯಿರಿ ಎಂದಳು. ನಾನು ಅವಳ ಬದುಕನ್ನು ಹಾಳು ಮಾಡಿದೆ ಎಂದು ಬರೆದಿದ್ದ ವಾಕ್ಯ.

"ನನ್ನ ಬದುಕು ಹಾಳಾಗಿಲ್ಲ ಆಂಟಿ," ಎಂದಳು. "ಅದು ನಿಮ್ಮ ಕೈಯಲ್ಲಿ ಇರಲಿಲ್ಲ."

ಆ ವಾಕ್ಯವನ್ನು ತೆಗೆದಿದ್ದೇನೆ. ಮಿಕ್ಕಿದ್ದೆಲ್ಲ ಇದ್ದ ಹಾಗೇ ಇದೆ. ಅದು ನಾನು ಮಾಡಿದ್ದು.